ಪಾಸ್ ಅಂದರೆ ಎಷ್ಟು?

‘ಪಾಸ್’ ಇಂಗ್ಲಿಷಿನ ನಾಲ್ಕಕ್ಷರದ ಶಬ್ದ. ಇಂಗ್ಲಿಷ್ ಬಾರದವರಿಗೂ ಇದು ಬರುತ್ತದೆ. ಆದರೆ ಒಬ್ಬೊಬ್ಬರ ಪಾಸ್ ಒಂದೊಂದು ತರಹ. ಗ್ರೌಂಡಿನಲ್ಲಿ "ಪಾಸ್ ಕೊಡಲೇ" ಎಂದರೆ ಚೆಂಡು. ರೈಲಿನಲ್ಲಿ "ಟೈಂಪಾಸ್, ಟೈಂಪಾಸ್" ಎಂದರೆ ಶೇಂಗಾ! ಬೆಳಗಾವಿಯ ಸುವರ್ಣ ವಿಧಾನಸೌಧದ ತಮಾಷೆ ಇನ್ನೂ ದೊಡ್ಡದು. ಅಲ್ಲಿ ಅಧಿವೇಶನದಲ್ಲಿ ಮಸೂದೆ ಪಾಸಾಗುತ್ತದೆ. ಅದು ಪಾಸಾಗುವುದನ್ನು ನೋಡಲು ಒಳಗೆ ಹೋಗಬೇಕಾದರೆ ನಮಗೂ ಪಾಸ್ ಬೇಕು.

ಗುಡ್ಡಗಳ ನಡುವಿನ ದಾರಿಗೂ ಪಾಸ್ ಎನ್ನುತ್ತಾರೆಂದು ಸರ್ ಹೇಳಿದರು. ಹಾಗಾದರೆ ನಮ್ಮ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕೆ ಹೋಗುವ ಚೋರ್ಲಾ ಘಾಟ್ ಕೂಡ ಪಾಸೇ. ನನಗನಿಸುತ್ತದೆ, ಈ ಶಬ್ದದೊಳಗೆ ‘ದಾಟುವುದು’ ಅಡಗಿ ಕೂತಿದೆ. ಯಾರಾದರೂ ಸತ್ತರೂ ಇಂಗ್ಲಿಷಿನಲ್ಲಿ ಪಾಸಾದರು ಅಂತಾರಂತೆ. ಇದನ್ನು ಅಜ್ಜಿಗೆ ಹೇಳಿಲ್ಲ.

ಈ ವರ್ಷ ಅಣ್ಣ ಎಸ್.ಎಸ್.ಎಲ್.ಸಿ. ಪಾಸಾದ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಜ್ಜಿ "ಪಾಸ್ ಆತಲ್ಲ, ಇನ್ನ ಬಸ್ಸಿಗೆ ರೊಕ್ಕ ಬ್ಯಾಡಲ್ಲ?" ಅಂದಳು. ಎಲ್ಲರೂ ನಕ್ಕೆವು, ಅಪ್ಪ ನಗಲಿಲ್ಲ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ಸುಮಾರು 26 ಕಿ.ಮೀ. ದಿನಾ ಟಿಕೆಟ್ ತೆಗೆಸಿದರೆ ಅಪ್ಪನ ಕೂಲಿ ಬಸ್ಸಿನಲ್ಲೇ ಹೋಗುತ್ತದೆ. ಅಕ್ಕನಿಗೆ ಈ ಚಿಂತೆಯಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಪುಕ್ಕಟೆ. ಹುಡುಗರಿಗೆ ಪಾಸೇ ಗತಿ, ಅದರ ರೊಕ್ಕ ಒಮ್ಮೆಲೇ ಕಟ್ಟಬೇಕು. ಅಪ್ಪ ಎರಡು ಆಡುಗಳಲ್ಲಿ ಒಂದನ್ನು ಮಾರಿದ.

ಮೊನ್ನೆ ಪಾಸ್ ಬಂತು. ಅಣ್ಣ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮುಂಜಾನೆ ಬಸ್ಸಿಗೆ ಹೋಗುತ್ತಾನೆ.