ಹದಿನೈದು ಸಾವಿರದ ಪಾಠ

ಎರಡು ವರ್ಷಗಳ ಹಿಂದೆ ನಾನೂ ಇದೇ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೆ. ಸಾಫ್ಟ್‌ವೇರ್ ಕೆಲಸವೆಲ್ಲ ಸೈನ್ಸ್‌ನವರಿಗೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ನನಗೆ ಅದೇ ಬೇಕಿತ್ತು.

ಪಿಯುಸಿ ಮುಗಿದ ರಜೆಯಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. 'ಮೂರು ತಿಂಗಳ ಆನ್‌ಲೈನ್ ಕೋರ್ಸ್, ಉದ್ಯೋಗ ಖಚಿತ.' ಶುಲ್ಕ 15 ಸಾವಿರ. ಉಮ್ಮ ಬೀಡಿ ಕಟ್ಟಿ ಕೂಡಿಟ್ಟಿದ್ದ ಹಣ ತೆಗೆದುಕೊಟ್ಟರು. ಹಳೆಯ ವಿಡಿಯೋಗಳು ಬಂದವು. ಸಂಶಯ ಕೇಳಲು ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಮೂರು ತಿಂಗಳಾದ ಮೇಲೆ ನನ್ನ ಹೆಸರಿರುವ ಚೆಂದದ ಸರ್ಟಿಫಿಕೇಟ್ ಬಂತು. ಆದರೆ ಹತ್ತು ಸಾಲಿನ ಪ್ರೋಗ್ರಾಂ ಬರೆಯಲು ನನಗೆ ಬರುತ್ತಿರಲಿಲ್ಲ. "ಕೆಲಸ ಯಾವಾಗ ಮಗಳೇ?" ಎಂದು ಉಮ್ಮ ಕೇಳಿದಾಗಲೆಲ್ಲ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ.

ಕೊನೆಗೆ ನಮ್ಮ ಕಂಪ್ಯೂಟರ್ ಮ್ಯಾಡಮ್ ಬಳಿ ಬಂದು ಅತ್ತೆ. ಅವರು ಬೈಯಲಿಲ್ಲ. "ಕೆಲಸ ಕೊಡುತ್ತೇವೆ ಎನ್ನುವವರನ್ನು ಬಿಡು. ಸರಿಯಾಗಿ ಪರೀಕ್ಷೆ ಮಾಡುವವರನ್ನು ಹುಡುಕು" ಎಂದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕೋರ್ಸನ್ನು ತೋರಿಸಿಕೊಟ್ಟರು. ಅದು ಉಚಿತ. ಬ್ರೌಸರಿನಲ್ಲೇ ಕೋಡ್ ಬರೆಯಬಹುದಾದ್ದರಿಂದ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಚಿಕ್ಕಪ್ಪನ ಮಗ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಸಾಕಾಯಿತು. ಸುಬ್ಹಿ ನಮಾಝಿನ ನಂತರ, ಮನೆಯವರು ಕೆಲಸಕ್ಕೆ ಇಳಿಯುವವರೆಗೆ ಕಲಿಯುತ್ತಿದ್ದೆ. ಸಿ ಭಾಷೆಯಲ್ಲಿ # ಚಿಹ್ನೆಗಳಿಂದ ಒಂದು ಪಿರಮಿಡ್ ಮೂಡಿಸುವ ಲೆಕ್ಕಕ್ಕೇ ನನಗೆ ನಾಲ್ಕು ದಿನ ಹಿಡಿಯಿತು. ಉತ್ತರ ತಪ್ಪಿದರೆ ಕೆಂಪು, ಸರಿಯಾದರೆ ಹಸಿರು. ಮೊದಲ ಹಸಿರು ಕಂಡ ದಿನ 15 ಸಾವಿರದ ನೋವು ಸ್ವಲ್ಪ ಕಡಿಮೆಯಾಯಿತು.

ಆಮೇಲೆ ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೆ ಅರ್ಜಿ ಹಾಕಿದೆ. ಅದಕ್ಕೆ ಜೆಇಇ ಬೇಕಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದರೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಮೊದಲು ನಾಲ್ಕು ವಾರ ಪಾಠ, ಅಸೈನ್‌ಮೆಂಟ್. ನಂತರ ಅರ್ಹತಾ ಪರೀಕ್ಷೆ. ಪಾಠ ಮನೆಯಲ್ಲಾದರೂ ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ಮೊದಲ ಸಲ ನಾನು ಫೇಲಾದೆ. ಸಂಖ್ಯಾಶಾಸ್ತ್ರ ಕೈಕೊಟ್ಟಿತು. ಈ ಸಲ ಉಮ್ಮನಿಂದ ಮುಚ್ಚಿಡಲಿಲ್ಲ. "ಪರೀಕ್ಷೆ ಉಂಟಲ್ಲ, ಇನ್ನೊಮ್ಮೆ ಬರಿ" ಎಂದಷ್ಟೇ ಹೇಳಿದರು. ಎರಡನೇ ಸಲ ಪಾಸಾದೆ. 2022ರಿಂದ ಯುಜಿಸಿ ಏಕಕಾಲದಲ್ಲಿ ಎರಡು ಪದವಿ ಓದಲು ಅವಕಾಶ ಕೊಟ್ಟಿರುವುದರಿಂದ ಹಗಲು ಬಿ.ಕಾಂ. ತರಗತಿಗೂ ಹೋಗುತ್ತಿದ್ದೇನೆ. ಫೌಂಡೇಶನ್ ಹಂತದ ಎಂಟು ವಿಷಯಗಳಲ್ಲಿ ಐದು ಮುಗಿದಿವೆ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಆದ್ದರಿಂದ ದೊಡ್ಡ ಉಪದೇಶ ಮಾಡುವುದಿಲ್ಲ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಪಾಠ ಮಾಡುವವರು ಯಾರು? ಪರೀಕ್ಷೆ ಎಲ್ಲಿ, ಹೇಗೆ? ಇದೇ ಪಾಠ ಉಚಿತವಾಗಿ ಸಿಗುತ್ತದೆಯೇ? ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಕಲಿಕೆ ಉಚಿತ. ಸರ್ಟಿಫಿಕೇಟ್ ಬೇಕಾದವರು ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಿದರೆ ಸಾಕು.

ಕಳೆದ ತಿಂಗಳು ಉಮ್ಮನ ಬೀಡಿ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಉಮ್ಮ ತಮ್ಮ ನೋಟ್‌ಪುಸ್ತಕ ತಂದು ತಾಳೆ ನೋಡಿದರು. "ತಪ್ಪು" ಎಂದರು. ಬ್ರಾಂಚಿನವರು ತಿರಸ್ಕರಿಸಿದ ಬೀಡಿಗಳನ್ನು ಕಳೆಯಲು ನಾನು ಮರೆತಿದ್ದೆ. ಅಲ್ಲೇ ಕುಳಿತು ಒಂದು ಸಾಲು ಸೇರಿಸಿದೆ. ಎರಡು ಲೆಕ್ಕವೂ ಒಂದೇ ಬಂತು. ಉಮ್ಮ ನೋಟ್‌ಪುಸ್ತಕ ಮಡಚಿ, "ಈಗ ನಿನಗೆ ಸ್ವಲ್ಪ ಬರುತ್ತದೆ" ಎಂದರು.