ಹತ್ತೊಂಬತ್ತು ವರ್ಷ ಬಿಟ್ಟು ಬಂದ ಆಲ್ಬಂ

2025ರ ಸೆಪ್ಟೆಂಬರ್. ಆಫೀಸ್ ಕಾಲ್ ಮುಗಿಸಿ ಫೋನ್ ನೋಡಿದರೆ ಒಂದು ಮೆಸೇಜ್: "ಟಾಂಪಾ ಹೋದ ಕಣೋ."

ಕಳಿಸಿದವನು ನನ್ನ ಹಾಸ್ಟೆಲ್ ರೂಮ್‌ಮೇಟ್. ಆರು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಹಬ್ಬದ ವಿಶ್ ಕೂಡ ಇರಲಿಲ್ಲ.

ಟಾಂಪಾ ಅಂದ್ರೆ ತೋಮಸ್ ಲಿಂಡ್‌ಬರ್ಗ್. ಸ್ವೀಡನ್ನಿನ 'ಅಟ್ ದ ಗೇಟ್ಸ್' ಅನ್ನೋ ಡೆತ್ ಮೆಟಲ್ ಬ್ಯಾಂಡಿನ ಗಾಯಕ. ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ 52 ವರ್ಷ. ಅವನು ಹಾಡೋದನ್ನ ಮೊದಲ ಸಲ ಕೇಳಿದಾಗ ನಮ್ಮಮ್ಮ ಅಡುಗೆಮನೆಯಿಂದ ಓಡಿಬಂದು, "ಯಾರಿಗೆ ಏನಾಯ್ತೋ?" ಅಂದಿದ್ದರು. ಅಂಥ ಗಂಟಲಿನವನು ಬ್ಯಾಂಡಿನ ಜೊತೆಜೊತೆಗೇ ಶಾಲಾ ಮೇಷ್ಟ್ರೂ ಆಗಿದ್ದ, ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದ ಅಂದ್ರೆ ಅಮ್ಮ ಇವತ್ತಿಗೂ ನಂಬಲ್ಲ.

ಬ್ಯಾಂಡ್ ಶುರುವಾಗಿದ್ದು 1990ರಲ್ಲಿ, ಗೋಥೆನ್‌ಬರ್ಗ್ ಅನ್ನೋ ಬಂದರು ನಗರದಲ್ಲಿ. ಗಿಟಾರ್ ನುಡಿಸುವ ಆಂಡರ್ಸ್, ಬೇಸ್ ನುಡಿಸುವ ಯೋನಾಸ್ ಅವಳಿ ಸಹೋದರರು. 1992ರ ಮೊದಲ ಆಲ್ಬಂನಲ್ಲಿ ಪಿಟೀಲು ಕೂಡ ಇದೆ. ಹಾಡುಗಳು ಸಿಕ್ಕುಸಿಕ್ಕು, ಒಂದೊಂದರಲ್ಲೂ ಹತ್ತು ತಿರುವು. ನಾವು ಮೊದಲ ವರ್ಷ ಬರೆದ ಕೋಡ್ ಇದ್ದ ಹಾಗೆ. ಆಮೇಲೆ ಒಂದೊಂದೇ ಆಲ್ಬಂಗೆ ಬೇಡದ್ದನ್ನೆಲ್ಲ ಕಿತ್ತು ಹಾಕುತ್ತಾ ಬಂದರು. 1995ರಲ್ಲಿ 'ಸ್ಲಾಟರ್ ಆಫ್ ದ ಸೋಲ್' ಬಂತು. ಸುಮಾರು 34 ನಿಮಿಷ, ಅಷ್ಟೇ. ಒಂದು ಸೆಕೆಂಡೂ ಜಾಸ್ತಿ ಇಲ್ಲ. ಅಷ್ಟು ಒರಟು ಸಂಗೀತದ ಒಳಗೆ ಗುನುಗಬಹುದಾದ ರಾಗ ಇಟ್ಟಿದ್ದರು. ಮುಂದೆ ಅಮೆರಿಕದಲ್ಲಿ ಎಷ್ಟೋ ಮೆಟಲ್‌ಕೋರ್ ಬ್ಯಾಂಡುಗಳು ಇದನ್ನೇ ಪಠ್ಯಪುಸ್ತಕದ ಥರ ಇಟ್ಟುಕೊಂಡು ಕಲಿತವು.

ಆದರೆ ಆ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. 1996ರಲ್ಲಿ ಆಂಡರ್ಸ್ ಹೊರಟ, ಬ್ಯಾಂಡ್ ಮುಗಿಯಿತು. ಅವಳಿಗಳು 'ದ ಹಾಂಟೆಡ್' ಅನ್ನೋ ಹೊಸ ಬ್ಯಾಂಡಿಗೆ ಹೋದರು. ಡ್ರಮ್ಮರ್ ಆಡ್ರಿಯನ್ ಕೂಡ ಅಲ್ಲಿಗೇ ಹೋಗಿ, ನಂತರ ಇಂಗ್ಲೆಂಡಿನ 'ಕ್ರೇಡಲ್ ಆಫ್ ಫಿಲ್ತ್' ಸೇರಿದ. ಬೆಳೆ ಕೊಯ್ಲಿಗೆ ಬರುವಾಗ ಹೊಲದಲ್ಲಿ ಯಾರೂ ಇರಲಿಲ್ಲ.

ನಮ್ಮ ಕಥೆಯಲ್ಲಿ ಹೊರಟವನು ನಾನು.

2018ರಲ್ಲಿ ನಾವಿಬ್ಬರೂ ಕೆಲಸ ಬಿಟ್ಟು ಒಂದು ಆ್ಯಪ್ ಮಾಡಿದ್ವಿ. ಪಿಜಿಗಳಲ್ಲಿ ಊಟ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಲೆಕ್ಕ ಇಡೋದು. ಹದಿನಾಲ್ಕು ತಿಂಗಳು ಒಂದೇ ರೂಮು, ಮೂರು ಹೊತ್ತೂ ಚಿತ್ರಾನ್ನ. ಅಕ್ಕನ ಮದುವೆ ಸಾಲ ತೀರಿರಲಿಲ್ಲ. ಒಂದು ದೊಡ್ಡ ಕಂಪನಿಯ ಆಫರ್ ಬಂತು. ಅವನಿಗೆ ಎದುರು ಕೂತು ಹೇಳೋ ಧೈರ್ಯ ಆಗದೆ ಒಂದು ಶನಿವಾರ ಮೆಸೇಜ್ ಮಾಡಿ ಊರಿಗೆ ಬಸ್ ಹತ್ತಿದೆ. ಎರಡು ವಾರದ ನಂತರ ಹನ್ನೊಂದು ಪಿಜಿಗಳ ಒಬ್ಬ ಮಾಲೀಕರು ಒಪ್ಪಿಕೊಂಡರಂತೆ. ಒಬ್ಬನೇ ಆರು ತಿಂಗಳು ಎಳೆದು, ಕೊನೆಗೆ ಅವನೇ ಸರ್ವರ್ ಆಫ್ ಮಾಡಿದ. ಇದೆಲ್ಲ ನನಗೆ ಗೊತ್ತಾಗಿದ್ದು ಬೇರೆಯವರಿಂದ.

ಅಟ್ ದ ಗೇಟ್ಸ್ 2008ರಲ್ಲಿ ಮತ್ತೆ ಒಟ್ಟಾಯಿತು. ಮೊದಲು ಬರೀ ಶೋಗಳು. ಹೊಸ ಆಲ್ಬಂ 'ಅಟ್ ವಾರ್ ವಿತ್ ರಿಯಾಲಿಟಿ' ಬಂದಿದ್ದು 2014ರಲ್ಲಿ, ಸರಿಯಾಗಿ ಹತ್ತೊಂಬತ್ತು ವರ್ಷ ಬಿಟ್ಟು. ಲ್ಯಾಟಿನ್ ಅಮೆರಿಕದ ಬೋರ್ಹೆಸ್, ಮಾರ್ಕೆಸ್‌ರ ಮಾಂತ್ರಿಕ ವಾಸ್ತವದ ಗುಂಗಿನಲ್ಲಿ ಬರೆದದ್ದು. ಆಗ ನಾವು ಮೂರನೇ ಸೆಮಿಸ್ಟರ್. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ರಾತ್ರಿಯಿಡೀ ಕೇಳಿದ್ವಿ. "ಬಿಟ್ಟು ಹೋದವನನ್ನ ಇವರು ಹೆಂಗೋ ಮತ್ತೆ ಸೇರಿಸ್ಕೊಂಡ್ರು?" ಅಂತ ಅವನು ಕೇಳಿದ್ದು ಇನ್ನೂ ನೆನಪಿದೆ. 2017ರಲ್ಲಿ ಆಂಡರ್ಸ್ ಮತ್ತೆ ಬಿಟ್ಟ. ಈ ಸಲ ಬ್ಯಾಂಡ್ ನಿಲ್ಲಲಿಲ್ಲ, ಅವನಿಲ್ಲದೆ ಎರಡು ಆಲ್ಬಂ ಮಾಡಿತು. 2022ರಲ್ಲಿ ಅವನು ವಾಪಸ್ ಬಂದ, ಇವರು ಜಾಗ ಕೊಟ್ಟರು. ಮೂರೇ ವರ್ಷಕ್ಕೆ ಟಾಂಪಾ ಹೋದ.

ಆ ಸಂಜೆ ಏನು ಬರೆಯಬೇಕೋ ತಿಳಿಯದೆ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಫೋನೇ ಮಾಡಿದೆ. ಈಗ ಪುಣೆಯಲ್ಲಿದ್ದಾನೆ, ಮಗಳಿಗೆ ಎರಡು ವರ್ಷ. ಹತ್ತು ನಿಮಿಷ ಬ್ಯಾಂಡಿನ ಮಾತೇ ಆಯ್ತು. ಆಮೇಲೆ ನಾನೇ ಹೇಳಿದೆ, "ಅವತ್ತು ನಂಗೆ ಭಯ ಆಗಿತ್ತು ಮಗಾ. ದುಡ್ಡಿಗಿಂತ ಜಾಸ್ತಿ, ನಿನ್ನ ಮುಖ ನೋಡೋಕೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಭಯ ನಂಗೂ ಇತ್ತು ಕಣೋ. ಹೇಳಿದ್ರೆ ಇಬ್ರೂ ಸೇರಿ ಭಯಪಡಬಹುದಿತ್ತು," ಅಂದ.

ಕ್ಷಮಿಸಿದ್ದೀನಿ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಮತ್ತೆ ಫೋನ್ ಮಾಡ್ತೀನಿ ಅಂದ, ಮಾಡಿದ. ನಿಮಗೂ ಇಂಥ ಒಂದು ನಂಬರ್ ಫೋನಿನಲ್ಲಿ ಸುಮ್ಮನೆ ಕೂತಿದ್ದರೆ, ಯಾರೋ ಹೋದ ಸುದ್ದಿ ಬರೋವರೆಗೆ ಕಾಯಬೇಡಿ.