ದಿನವ್ಯಾಪಾರವೂ ಪ್ರೊಸೆಸರಿನ ವೇಗವೂ

ಷೇರುಗಳನ್ನು ಬೆಳಿಗ್ಗೆ ಕೊಂಡು ಅಂದೇ ಮಾರುವ ದಿನವ್ಯಾಪಾರವು ಈಗ ಮನೆಯ ಹಜಾರಕ್ಕೂ ಬಂದಿರುವುದಷ್ಟೆ. ಅದಕ್ಕಾಗಿ ಲ್ಯಾಪ್‌ಟಾಪನ್ನು ಕೊಳ್ಳುವವರು ಮೊದಲು ನೋಡುವುದು ಗಿಗಾಹರ್ಟ್ಸಿನ ಅಂಕೆಯನ್ನು. ಒಂದು ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನೊಳಗಣ ಗಡಿಯಾರವು ಸೆಕೆಂಡಿಗೆ 100 ಕೋಟಿ ಸಲ ಮಿಡಿಯುವುದು. ಒಂದೊಂದು ಮಿಡಿತದಲ್ಲಿ ಎಷ್ಟು ಕೆಲಸವು ಸಾಗುವುದೆಂಬುದನ್ನು ಮಾತ್ರ ಆ ಅಂಕೆಯು ಹೇಳದು. 2004ರಲ್ಲಿಯೇ ಪೆಂಟಿಯಂ 4 ಪ್ರೊಸೆಸರು 3.8 ಗಿಗಾಹರ್ಟ್ಸನ್ನು ಮುಟ್ಟಿತ್ತು. ಇಂದಿನ ಸಾಧಾರಣ ಪ್ರೊಸೆಸರು ಅದಕ್ಕಿಂತ ಕಡಿಮೆ ಅಂಕೆಯಲ್ಲಿಯೇ ಅದನ್ನು ಹಿಂದಿಕ್ಕುವುದು. ಮೇಲಾಗಿ, ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವುದು ಟರ್ಬೊ ವೇಗವು, ಎಂದರೆ ಸ್ವಲ್ಪ ಹೊತ್ತಿನ ಓಟವು. ತೆಳುವಾದ ಯಂತ್ರವು ಕಾದೊಡನೆ ತಾನಾಗಿಯೇ ನಿಧಾನಿಸುವುದು. ಪೇಟೆಯೋ 9.15ರಿಂದ 3.30ರವರೆಗೆ ನಡೆಯತಕ್ಕದ್ದು!

ಬೆಲೆಯ ನಕ್ಷೆಗಳನ್ನು ತೆರೆದಿಟ್ಟು ನೋಡುವವರಿಗೆ ಈಚಿನ ನಡುದರ್ಜೆಯ ಪ್ರೊಸೆಸರೂ 16 ಜಿಬಿ ಮೆಮೊರಿಯೂ ಸಾಕೆಂಬುದು ನಮ್ಮ ಅಭಿಪ್ರಾಯ. ಆರ್ಡರು ಮನೆಯನ್ನು ಬಿಟ್ಟು, ದಲ್ಲಾಳಿಯ ಗಣಕಯಂತ್ರವನ್ನು ದಾಟಿ, ಮುಂಬಯಿಯ ಷೇರುಪೇಟೆಯನ್ನು ಸೇರುವ ದಾರಿಯಲ್ಲಿ ನಮ್ಮ ಪ್ರೊಸೆಸರಿಗೆ ಮಾಡಲು ಏನೂ ಉಳಿದಿರದು. ಇಂಟರ್ನೆಟ್ಟು ಕೈಕೊಟ್ಟರೆ ಎಂತಹ ವೇಗವೂ ವ್ಯರ್ಥವು.

ಇನ್ನು ಲಾಭದ ಮಾತು. ಸೆಬಿಯು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022-23ರಲ್ಲಿ ಷೇರುಗಳ ದಿನವ್ಯಾಪಾರಕ್ಕಿಳಿದ ಬಿಡಿ ಗೃಹಸ್ಥರಲ್ಲಿ 10ಕ್ಕೆ 7 ಮಂದಿ ನಷ್ಟವನ್ನು ಹೊಂದಿದರು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದಿಂದ ಹೆಚ್ಚು ವೇಗದ ಯಂತ್ರವನ್ನು ಕೊಳ್ಳಹೊರಟಿದ್ದ ಮಿತ್ರರೊಬ್ಬರಿಗೆ ನಾವು ಈ ಲೆಕ್ಕವನ್ನೇ ತೋರಿಸಿದೆವು. ಅವರು ಹಳೆಯ ಲ್ಯಾಪ್‌ಟಾಪಿಗೆ ಮೆಮೊರಿಯನ್ನು ಹೆಚ್ಚಿಸಿಕೊಂಡು ಸುಮ್ಮನಾದರು.